ಇದು ಯಾವ ರಕ್ತ? (ಸರಣಿ ಭಾಗ 6)

ಒಂದು ಬೆಡ್‌ಶೀಟ್ ಮೇಲೆ ರಕ್ತದ ಕಲೆ ಇದೆ ಅಂದ್ಕೊಳ್ಳಿ. ಡಿಎನ್‌ಎ ಟೆಸ್ಟ್ ಮಾಡಿದ್ರು, ಯಾರದ್ದು ಅಂತ ಗೊತ್ತಾಯ್ತು. ಆಗ ಆರೋಪಿ ಕಡೆ ವಕೀಲರು ಎದ್ದು "ರಕ್ತ ಆಕೆಯದೇ ಸ್ವಾಮಿ, ಆದ್ರೆ ಅದು ಮುಟ್ಟಿನ ರಕ್ತ, ಗಾಯದ್ದಲ್ಲ" ಅಂದ್ರೆ? ಎರಡರಲ್ಲೂ ಡಿಎನ್‌ಎ ಒಂದೇ. ಅದು ಏನೂ ಹೇಳಲ್ಲ.

ಈ "ಯಾವ ರಕ್ತ" ಅನ್ನೋ ಜಗಳ ಹಳೇದು ಕಣ್ರೋ. 1901ರಲ್ಲಿ ಜರ್ಮನಿಯ ರ‍್ಯೂಗನ್ ದ್ವೀಪದಲ್ಲಿ ಇಬ್ಬರು ಹುಡುಗರ ಕೊಲೆಯಾಯ್ತು. ಲುಡ್ವಿಗ್ ಟೆಸ್ನೋ ಅನ್ನೋ ಬಡಗಿ ಮೇಲೆ ಅನುಮಾನ ಬಂತು. ಬಟ್ಟೆ ಮೇಲಿನ ಕಲೆ ಏನು ಅಂತ ಕೇಳಿದ್ರೆ, ಮರಕ್ಕೆ ಹಚ್ಚೋ ಬಣ್ಣ ಅಂದ. 1898ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾದಾಗಲೂ ಇದೇ ಉತ್ತರ ಕೊಟ್ಟು ಪಾರಾಗಿದ್ದ! ಈ ಸಲ ಬಟ್ಟೆ ಹೋಗಿದ್ದು ಪೌಲ್ ಉಲೆನ್‌ಹುಟ್ ಹತ್ರ. ಮೊಲಕ್ಕೆ ಮನುಷ್ಯರ ರಕ್ತ ಚುಚ್ಚಿದ್ರೆ, ಆಮೇಲೆ ಆ ಮೊಲದ ಸೀರಮ್ ಮನುಷ್ಯರ ರಕ್ತ ಸೇರಿದಾಗ ಕದಡುತ್ತೆ ಅಂತ ಅವರು ಆಗಷ್ಟೇ ತೋರಿಸಿದ್ರು. ಟೆಸ್ನೋ ಬಟ್ಟೆಯಲ್ಲಿ ಮನುಷ್ಯರ ರಕ್ತ ಸಿಕ್ತು, ಜೊತೆಗೆ ಕುರಿ ರಕ್ತಾನೂ. ಕೊಲೆಗೆ ಕೆಲವು ವಾರ ಮೊದಲು ಅದೇ ದ್ವೀಪದಲ್ಲಿ ಯಾರೋ ಕುರಿಗಳನ್ನ ಕಡಿದು ಹಾಕಿದ್ರು. ನನಗಂತೂ ಓದುವಾಗ ಮೈ ಜುಮ್ಮಂತು.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕಂಡುಹಿಡಿದ ಮೇಲೆ ಎಲ್ಲರ ಗಮನ "ಯಾರದ್ದು" ಅನ್ನೋ ಕಡೆ ಹೋಯ್ತು. "ಏನದು" ಅನ್ನೋದಕ್ಕೆ ಮಾತ್ರ ಹಳೇ ಬಣ್ಣದ ಟೆಸ್ಟ್‌ಗಳೇ ಗತಿ.

ನಮ್ಮ ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಡಿಎನ್‌ಎ ಅಂದ್ರೆ ಕಂಪನಿಯ ಮೆಮೊರಾಂಡಮ್, ಎಲ್ಲ ಬ್ರಾಂಚಿನಲ್ಲೂ ಅದೇ ಪ್ರತಿ. ಮೆಸೆಂಜರ್ ಆರ್‌ಎನ್‌ಎ ಅಂದ್ರೆ ಆಯಾ ಬ್ರಾಂಚಿನ ದಿನದ ವೋಚರ್. ಜೊಲ್ಲು ಮಾಡೋ ಗ್ರಂಥಿಯಲ್ಲಿ ಸ್ಟಾಥೆರಿನ್ ವೋಚರ್, ವೀರ್ಯಾಣುವಿನಲ್ಲಿ ಪ್ರೋಟಮಿನ್, ಮುಟ್ಟಿನ ರಕ್ತದಲ್ಲಿ ಗರ್ಭಕೋಶದ ಒಳಪದರ ಕಳಚೋವಾಗ ಕೆಲಸ ಮಾಡೋ ಎಂಎಂಪಿ ಕಿಣ್ವಗಳದ್ದು. ವೋಚರ್ ನೋಡಿದ್ರೆ ಬ್ರಾಂಚ್ ಯಾವುದು ಅಂತ ಗೊತ್ತಾಗುತ್ತೆ.

ಆದ್ರೆ ಆರ್‌ಎನ್‌ಎ ಬಲು ನಾಜೂಕು, ನಮ್ಮ ಬೆವರಿನಲ್ಲಿರೋ ಕಿಣ್ವಾನೇ ಅದನ್ನ ತುಂಡು ಮಾಡಿಬಿಡುತ್ತೆ. ಒಣಗಿದ ಕಲೆಯಲ್ಲಿ ಎಲ್ಲಿ ಉಳಿಯುತ್ತೆ ಅನ್ನೋ ಅನುಮಾನ ಸಹಜ. ಉಳಿಯುತ್ತೆ! ನೀರಿಲ್ಲದಿದ್ರೆ ಕಿಣ್ವಕ್ಕೂ ಕೆಲಸ ಇಲ್ಲ. 2002ರಲ್ಲಿ ಜರ್ಮನಿಯ ಬಾವರ್ ಮತ್ತು ಪಾಟ್‌ಸೆಲ್ಟ್ ಇದೇ ದಾರಿಯಲ್ಲಿ ಮುಟ್ಟಿನ ರಕ್ತ ಗುರುತಿಸೋ ಪ್ರಯತ್ನ ಪ್ರಕಟಿಸಿದ್ರು. 2003ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಯೂಸೊಲ ಮತ್ತು ಬ್ಯಾಲಂಟೈನ್, ಹಳೇ ಟೆಸ್ಟ್‌ಗಳ ಜಾಗಕ್ಕೆ ಆರ್‌ಎನ್‌ಎ ಬರಬಹುದು ಅಂತ ಬರೆದ್ರು. ಬಳಸಿದ್ದು ಆರ್‌ಟಿ-ಪಿಸಿಆರ್. ಹೌದು, 2020ರಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ್ರಲ್ಲ, ಅದೇ ವಿಧಾನ. ಒಂದೇ ಕಲೆಯಿಂದ ಡಿಎನ್‌ಎ, ಆರ್‌ಎನ್‌ಎ ಎರಡೂ ತೆಗೀಬಹುದು.

ಇಷ್ಟಾದ್ರೂ ಇದನ್ನ ಮಂತ್ರದಂಡ ಅಂದ್ಕೋಬೇಡಿ. ಒಂದೇ ಕಲೆಯಲ್ಲಿ ಇಬ್ಬರ ಡಿಎನ್‌ಎ, ಜೊಲ್ಲು, ರಕ್ತ ಎಲ್ಲ ಸಿಕ್ಕಿದ್ರೆ, ಜೊಲ್ಲು ಯಾರದ್ದು, ರಕ್ತ ಯಾರದ್ದು ಅಂತ ಹೊಂದಿಸೋದು ಈಗಲೂ ಕಷ್ಟ. ಒಪ್ಪಿಗೆ ಇತ್ತಾ ಇಲ್ವಾ ಅನ್ನೋದನ್ನಂತೂ ಯಾವ ಟ್ಯೂಬೂ ಹೇಳಲ್ಲ, ಅದನ್ನ ಕೋರ್ಟೇ ಕೇಳಿ ತಿಳ್ಕೋಬೇಕು.

ಭಾಗ 7ರಲ್ಲಿ ಬೆರಳಚ್ಚಿನ ಕಥೆ. ಡೌಟ್ ಇದ್ರೆ ಕೆಳಗೆ ಕೇಳಿ.

#ಅಪರಾಧಇತಿಹಾಸ #ಕನ್ನಡದಲ್ಲಿವಿಜ್ಞಾನ