‘ಬರೋದಿಲ್ಲ ಮೇಡಂ’

ಅಕ್ಷರದ ವಿಷಯದಲ್ಲಿ ಹಾಸನ ಜಿಲ್ಲೆಯವರಿಗೆ ಸ್ವಲ್ಪ ಜಂಬವಿದ್ದರೆ ತಪ್ಪಿಲ್ಲ. ಕನ್ನಡದ ಬಹು ಹಳೆಯ ಶಾಸನಗಳಲ್ಲಿ ಒಂದೆಂದು ನಾವು ಮಕ್ಕಳಿಗೆ ಪಾಠ ಹೇಳುವ ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದು. ಕ್ರಿ.ಶ. 450ರ ಸುಮಾರಿನದೆಂದು ಎಣಿಸುವ ಆ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ.ಎಚ್. ಕೃಷ್ಣ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಂತೂ ಬಂಡೆ ಬಂಡೆಯ ಮೇಲೂ ಬರಹ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದಾಗ ಬೆಳಗೊಳಕ್ಕೇ ಒಂದು ಸಂಪುಟ ಬೇಕಾಯಿತು. ಅದು 1889ರಲ್ಲಿ ಬಂತು. ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ. ಆ ಶಾಸನಗಳನ್ನು ಕೆತ್ತಿದ ಕಲ್ಲುಕುಟಿಗರಲ್ಲಿ ಒಬ್ಬನಾದರೂ ‘ಈ ಒತ್ತು ನನ್ನ ಉಳಿಗೆ ಬರೋದಿಲ್ಲ’ ಎಂದಿರಲಾರ.

ಇಂಥ ಜಿಲ್ಲೆಯಲ್ಲಿದ್ದುಕೊಂಡು ಮೂವತ್ತು ವರ್ಷಗಳಿಂದ ನಾನು ಕೇಳುತ್ತ ಬಂದಿರುವುದು ಮಾತ್ರ ಅದೇ ಮಾತನ್ನು. ವರ್ಗಾವಣೆಯ ಪುಣ್ಯದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಕಡೆಗೆ ಹಾಸನ, ಹೀಗೆ ನಾಲ್ಕೂ ಊರಿನ ನೀರು ಕುಡಿದವಳು ನಾನು. ಶಾಲೆಯ ವಾರ್ಷಿಕ ಸಂಚಿಕೆಯಾಗಲಿ, ಮದುವೆಯ ಕರೆಯೋಲೆಯಾಗಲಿ, ಪರೀಕ್ಷೆಯ ಅಂಕಪಟ್ಟಿಯಾಗಲಿ, ಕಂಪ್ಯೂಟರಿನ ಮುಂದೆ ಕೂತ ಹುಡುಗ ತಲೆ ಎತ್ತದೆ ಹೇಳುತ್ತಾನೆ: ‘ಅದು ಕನ್ನಡದಲ್ಲಿ ಬರೋದಿಲ್ಲ ಮೇಡಂ.’ ನಾವು ಹೆಂಗಸರು ಯಂತ್ರದ ಮುಂದೆ ಬೇಗ ಸುಮ್ಮನಾಗಿಬಿಡುತ್ತೇವೆ. ‘ಇಲ್ಲದಿದ್ದರೆ ಬಿಡಪ್ಪ, ಇರೋದರಲ್ಲೇ ಮಾಡಿಕೊಡು’ ಎಂದು ಎದ್ದು ಬರುತ್ತೇವೆ. ಆದರೆ ಈ ‘ಇಲ್ಲ’ದಲ್ಲಿ ಎಷ್ಟು ಬಗೆ ಎಂಬುದನ್ನು ತಿಳಿದುಕೊಂಡರೆ ಸುಮ್ಮನಾಗಬೇಕಾದ ಸಂದರ್ಭ ತೀರ ಕಡಿಮೆ.

ಹಿಂದೆ ಅಚ್ಚುಕೂಟಗಳ ಕಾಲದಲ್ಲಿ ‘ಇಲ್ಲ’ ಎಂಬುದು ಕಣ್ಣಿಗೆ ಕಾಣುವಂಥದು. ಮೊಳೆ ಜೋಡಿಸುವವನ ಎದುರು ಪುಟ್ಟ ಪುಟ್ಟ ಗೂಡುಗಳ ಪೆಟ್ಟಿಗೆ. ಒಂದು ಗೂಡು ಖಾಲಿಯಾದರೆ ಆ ಮೊಳೆ ಇಲ್ಲ, ಅಷ್ಟೆ. ಬೇಕೆಂದರೆ ಎರಕ ಹೊಯ್ಯಿಸಿ ತರಬಹುದಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟ್ಟೆಲ್ಲರ ನಿಘಂಟನ್ನು ನೋಡಿ. ಆಗಲೇ ಬಳಕೆ ತಪ್ಪಿದ್ದ ಱ, ೞ ಅಕ್ಷರಗಳೂ ಅದರಲ್ಲಿ ಅಚ್ಚುಕಟ್ಟಾಗಿ ಕೂತಿವೆ. ಆಮೇಲೆ ಬಂದ ಬೆರಳಚ್ಚು ಯಂತ್ರದಲ್ಲಿ ಕೀಲಿಗಳು ನಾಲ್ಕು ಸಾಲು ಮಾತ್ರ. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲೇ ಹೊಂದಿಕೊಳ್ಳಬೇಕಾಯಿತು. ಒತ್ತು ಎಲ್ಲೋ, ಅಕ್ಷರ ಎಲ್ಲೋ ಬಿದ್ದರೂ ಕಚೇರಿಯವರು ಓದಿಕೊಳ್ಳುತ್ತಿದ್ದರು. ಅಲ್ಲಿಯೂ ಕೀಲಿ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ. ಇದ್ದದ್ದೂ ಕಾಣುವುದಿಲ್ಲ, ಇಲ್ಲದ್ದೂ ಕಾಣುವುದಿಲ್ಲ.

ಕಂಪ್ಯೂಟರು ಹುಟ್ಟಿದ್ದು ಇಂಗ್ಲಿಷಿನ ಮನೆಯಲ್ಲಿ. ಕನ್ನಡ ಅದಕ್ಕೆ ಸೇರಿಸಬೇಕಾದ ವಸ್ತುವಾಗಿಯೇ ಬಂತು. 1980ರ ದಶಕದಲ್ಲಿ ಅದು ನಿಜಕ್ಕೂ ಕೈಯಲ್ಲಿ ಹಿಡಿಯುವ ವಸ್ತುವೇ ಆಗಿತ್ತು. ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು, 1988ರಲ್ಲಿ ಆರಂಭವಾದ ಪುಣೆಯ ಸಿ-ಡಾಕ್ ಸಂಸ್ಥೆ ಬೆಳೆಸಿದ ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ತೆರೆಯ ಮೇಲೆ ಮೂಡುತ್ತಿದ್ದವು. ಹಲಗೆ ತೆಗೆದರೆ ಕನ್ನಡವೂ ಹೋಯಿತು. ಈಗಿನ ಮಕ್ಕಳು ಪ್ಲಗ್-ಇನ್ ಎನ್ನುತ್ತಾರಲ್ಲ, ಅದರ ಅಜ್ಜಿ ಇದು ಎನ್ನಬಹುದು.

ಆಮೇಲೆ ಹಲಗೆ ಬೇಡವಾಯಿತು, ತಂತ್ರಾಂಶವೇ ಸಾಕಾಯಿತು. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಎಲ್ಲರಿಗೂ ಗೊತ್ತಿರುವ ಕೆ.ಪಿ. ರಾವ್, ‘ಸೇಡಿಯಾಪು’ ತಂತ್ರಾಂಶ ಮಾಡಿದರು. ಕನ್ನಡವನ್ನು ಉಚ್ಚಾರದಂತೆಯೇ ಒತ್ತುವ ಕೀಲಿಮಣೆಯನ್ನೂ ಕೊಟ್ಟರು. ಅದರಲ್ಲಿ ಒತ್ತಕ್ಷರಕ್ಕೆ ಬೇರೆ ಬೇರೆ ಕೀಲಿಗಳಿಲ್ಲ. ಕ ಒತ್ತಿ, ಜೋಡಿಸುವ ಒಂದು ಕೀಲಿ ಒತ್ತಿ, ಷ ಒತ್ತಿದರೆ ಕ್ಷ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಅಮೆರಿಕದಲ್ಲಿದ್ದುಕೊಂಡು ‘ಬರಹ’ವನ್ನು ಸಿದ್ಧಮಾಡಿ ಉಚಿತವಾಗಿ ಹಂಚಿದರು. ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂತು. ನಮ್ಮ ಊರುಗಳ ಡಿಟಿಪಿ ಅಂಗಡಿಗಳು ಕಣ್ಣು ಬಿಟ್ಟದ್ದು ಇವುಗಳ ಬೆಳಕಿನಲ್ಲೇ.

ಆದರೆ ಆ ಕಾಲದ ಏರ್ಪಾಟಿನಲ್ಲಿ ಒಂದು ತೊಡಕಿತ್ತು. ಒಂದು ಅಕ್ಷರಶೈಲಿಗೆ, ಅಂದರೆ ಫಾಂಟಿಗೆ, 256 ಮನೆಗಳು ಮಾತ್ರ. ನಮ್ಮದೋ 34 ವ್ಯಂಜನ, ಅವುಗಳ ಕಾಗುಣಿತ, ಒಂದರ ಕೆಳಗೊಂದು ಒತ್ತು. ಹಾಗಾಗಿ ಅಕ್ಷರಗಳನ್ನು ತುಂಡು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಬಾಡಿಗೆಗೆ ಇಟ್ಟರು. ಅದೇ ಫಾಂಟ್ ಇರುವ ಕಡೆ ಕನ್ನಡ. ಇಲ್ಲದ ಕಡೆ ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳ ಸಂತೆ. ಹೊಳೆನರಸೀಪುರದಲ್ಲಿ ಟೈಪ್ ಮಾಡಿಸಿದ ಪ್ರಶ್ನೆಪತ್ರಿಕೆಯನ್ನು ಅರಕಲಗೂಡಿನಲ್ಲಿ ತೆರೆದರೆ ‘ಹಾಳಾಗಿದೆ ಮೇಡಂ’ ಎನ್ನುತ್ತಿದ್ದರು. ಹಾಳಾಗಿರುತ್ತಿರಲಿಲ್ಲ. ಫಾಂಟ್ ತಂದು ಹಾಕಿದರೆ ಅಷ್ಟೂ ಅಕ್ಷರ ಎದ್ದು ಕೂರುತ್ತಿತ್ತು.

ಈ ಬಾಡಿಗೆ ಬದುಕು ತಪ್ಪಿಸಿದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತದ 128 ಮನೆಗಳ ಕೇರಿಯೊಂದು ಸಿಕ್ಕಿತು. ಅಲ್ಲಿರುವುದು ಮೂಲಾಕ್ಷರಗಳು, ಸ್ವರಚಿಹ್ನೆಗಳು, ಅಂಕಿಗಳು ಮಾತ್ರ. ಒತ್ತು ಕೂಡಿಸುವ ಕೆಲಸ ಬೇರೆಯವರದು. ಈಗ ಪರದೆಯ ಮೇಲೆ ‘ಕ್ಷ’ ಮೂಡಬೇಕಾದರೆ ನಾಲ್ವರು ಸೇರಬೇಕು. ಅಕ್ಷರಕ್ಕೆ ಯೂನಿಕೋಡಿನಲ್ಲಿ ಮನೆ ಇರಬೇಕು. ಅದರ ರೂಪ ಫಾಂಟಿನಲ್ಲಿ ಇರಬೇಕು. ಬಿಡಿ ಅಕ್ಷರಗಳನ್ನು ಕೂಡಿಸುವ ಜಾಣ್ಮೆ ಯಂತ್ರದ ಒಳಗಿನ ವ್ಯವಸ್ಥೆಗೆ ಇರಬೇಕು. ನಾವು ಬಳಸುತ್ತಿರುವ ತಂತ್ರಾಂಶ ಆ ಜಾಣ್ಮೆಯನ್ನು ಕೇಳಿ ಪಡೆಯಬೇಕು. ನಾಲ್ವರಲ್ಲಿ ಒಬ್ಬರು ಕೈಕೊಟ್ಟರೂ ನಮಗೆ ಕೇಳಿಸುವುದು ಒಂದೇ ಮಾತು: ‘ಬರೋದಿಲ್ಲ.’

ಮನೆಯಲ್ಲಿ ದೀಪ ಆರಿದಾಗ ನಾವೇನು ಮಾಡುತ್ತೇವೆ? ಪಕ್ಕದ ಮನೆಯಲ್ಲಿ ಕರೆಂಟ್ ಇದೆಯೇ ಎಂದು ಮೊದಲು ಇಣುಕುತ್ತೇವೆ. ಅಲ್ಲಿದ್ದರೆ ನಮ್ಮ ಫ್ಯೂಸ್ ನೋಡುತ್ತೇವೆ, ಆಮೇಲೆ ಸ್ವಿಚ್ಚು, ಆಮೇಲೆ ಬಲ್ಬು. ಯಾರೂ ನೇರವಾಗಿ ‘ನಮ್ಮ ಮನೆಗೆ ಕರೆಂಟ್ ಬರೋದಿಲ್ಲ’ ಎನ್ನುವುದಿಲ್ಲ. ಇಲ್ಲಿಯೂ ಅದೇ ಕ್ರಮ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಫಾಂಟಿನಲ್ಲಿ ಆ ರೂಪವಿಲ್ಲ. ಫಾಂಟ್ ಬದಲಿಸಿ ನೋಡಬೇಕು. ಗೀಟು ಚುಕ್ಕೆಯ ಪರದೇಶಿ ಅಕ್ಷರ ಕಂಡರೆ ಅದು ಹಳೆಯ ಬಾಡಿಗೆ ಕಾಲದ ಬರಹ. ಹಳೆಯ ಫಾಂಟ್ ಹಾಕಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಬೇಕು. ಒತ್ತು ಕೆಳಗಿಳಿಯದೆ ‘ಕ್’ ಬೇರೆ, ‘ಷ’ ಬೇರೆ ನಿಂತಿದ್ದರೆ ಕೂಡಿಸುವ ವ್ಯವಸ್ಥೆ ಮಲಗಿದೆ. ಸ್ವರಚಿಹ್ನೆಯ ಪಕ್ಕ ಚುಕ್ಕೆಗಳ ವೃತ್ತ ಮೂಡಿದರೆ ಅದಕ್ಕೆ ಆಸರೆಯಾಗಬೇಕಾದ ವ್ಯಂಜನ ಮುಂದಿಲ್ಲ. ಬೇರೊಂದು ತಂತ್ರಾಂಶದಲ್ಲಿ ಅದೇ ಬರಹ ಸರಿಯಾಗಿ ಕಂಡರೆ ತಪ್ಪು ಬರಹದ್ದಲ್ಲ, ಮೊದಲ ತಂತ್ರಾಂಶದ್ದು. ಇದೇ ಪಕ್ಕದ ಮನೆಗೆ ಇಣುಕಿ ನೋಡುವುದು.

ಮಲಗಿದ ವ್ಯವಸ್ಥೆಗೆ ನಿದರ್ಶನ ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದ ಅದರಲ್ಲಿ ಕನ್ನಡಕ್ಕೆಂದು ‘ತುಂಗಾ’ ಎಂಬ ಫಾಂಟ್ ಇತ್ತು, ಒತ್ತು ಕೂಡಿಸುವ ಜಾಣ್ಮೆಯೂ ಇತ್ತು. ಆದರೆ ಭಾಷೆಗಳ ಪುಟಕ್ಕೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಿ, ಸಿ.ಡಿ. ತೂರಿಸಿದರಷ್ಟೇ ಅದು ಏಳುತ್ತಿತ್ತು. ಆ ಚೌಕದ ಮುಂದೆ ಬರೆದಿದ್ದುದೇನು? ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು, ಥಾಯ್ ಸೇರಿದಂತೆ, ಎಂದು. ಕನ್ನಡದ ಹೆಸರೇ ಇಲ್ಲ! ಥಾಯ್ ಭಾಷೆಯ ಸಾಲಿನಲ್ಲಿ ಕನ್ನಡ ಅವಿತಿದೆ ಎಂದು ಯಾರಿಗೆ ತಾನೇ ಹೊಳೆದೀತು? ನಾನಿದ್ದ ಒಂದು ಶಾಲೆಯ ಕಂಪ್ಯೂಟರು ಕೋಣೆಯಲ್ಲಿ ಆ ಗುರುತಿಲ್ಲದೆ ಎರಡು ವರ್ಷ ‘ಕನ್ನಡ ಬಾರದ’ ಯಂತ್ರಗಳು ದೂಳು ತಿಂದವು.

ಪುಸ್ತಕ ಜೋಡಿಸುವ ತಂತ್ರಾಂಶದ ಕಥೆಯೂ ಹೀಗೆಯೇ. ನಮ್ಮ ಅಂಗಡಿಗಳ ಮೆಚ್ಚಿನ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಅದರ ಕಡೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ತಂಗಿ ಇನ್‌ಡಿಸೈನ್‌ನ 2008ರ ಆವೃತ್ತಿಯೊಳಗೆ ಭಾರತೀಯ ಲಿಪಿ ಕೂಡಿಸುವ ಯಂತ್ರವನ್ನು ಇಟ್ಟಿದ್ದರು, ಆದರೆ ಮೆನುವಿನಲ್ಲಿ ಅದಕ್ಕೆ ಬಾಗಿಲಿರಲಿಲ್ಲ. ಆ ಬಾಗಿಲು ತೆರೆಯುವುದಕ್ಕೆಂದೇ ಬೇರೆಯವರು ಪ್ಲಗ್-ಇನ್‌ಗಳನ್ನು ಮಾಡಿ ಮಾರಿದರು. ಇಂದಿಗೂ ಅದರಲ್ಲಿ ಕನ್ನಡದ ಒತ್ತು ಒಡೆದು ಕಂಡರೆ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದ್ದೀರಾ ಎಂದು ಕೇಳಬೇಕು. ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಒಂದು ಒತ್ತು ತಪ್ಪಿದರೆ ಏನಂತೆ, ಎನ್ನುವವರಿದ್ದಾರೆ. ಲಕ್ಷ್ಮಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನ ಇರುತ್ತಾರೆ. ಅದರ ನಡುವಿನ ಅಕ್ಷರಕ್ಕೆ ಒಂದರ ಮೇಲೊಂದು ಎರಡು ಒತ್ತು. ಎರಡನೆಯದನ್ನು ಟೈಪ್ ಮಾಡಲು ಬಾರದವನು ‘ಲಕ್ಷಮ್ಮ’ ಎಂದು ಮುಗಿಸಿಬಿಡುತ್ತಾನೆ. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ತಾಲ್ಲೂಕು ತಾಲ್ಲೂಕಿನಲ್ಲೂ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಕಾಗದದಲ್ಲಿ ಹೇಗಿದೆ ಎಂಬುದೇ ಹೆಸರು. ಪಹಣಿಯಲ್ಲಿ ಒಂದು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಆದರೆ ಗಂಡ ಸತ್ತ ಹೆಂಗಸು ‘ಇಬ್ಬರೂ ನಾನೇ’ ಎಂದು ಪ್ರಮಾಣಪತ್ರ ಮಾಡಿಸಿಕೊಂಡು ಬಸ್ಸಿನಲ್ಲಿ ಓಡಾಡಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಹೀಗೆ ಒಂದು ಬೇಸಿಗೆಯೆಲ್ಲ ಕಚೇರಿಯೊಂದಕ್ಕೆ ಅಲೆದದ್ದನ್ನು ನಾನು ನೋಡಿದ್ದೇನೆ. ಅಕ್ಕಿ ಆರಿಸುವಾಗ ಒಂದು ಕಲ್ಲು ಬಿಟ್ಟರೆ ಹಲ್ಲಿಗೆ ತಾನೇ ಸಿಗುವುದು?

ಕೆಲವು ಸಲ ಬೇಕಾದ ಸಾಧನ ಕಣ್ಣಿಗೇ ಕಾಣದಂಥದು. ಶಾಲೆಯಲ್ಲಿ ಪಟ್ಟಿ ಬರೆಸುವಾಗ ‘ರ್ಯಾಂಕ್’ ಎಂದು ಅರ್ಕಾವತ್ತಿನೊಡನೆ ಬಂದುಬಿಡುತ್ತದೆ. ನಮಗೆ ಬೇಕಾದದ್ದು ‘ರ‍್ಯಾಂಕ್’. ‘ಇದು ಹೊಸ ಪದ್ಧತಿಯಲ್ಲಿ ಇಲ್ಲ’ ಎಂಬ ಮಾತನ್ನು ಬಹಳ ಕೇಳಿದ್ದೇನೆ. ಇದೆ. ರ ಮತ್ತು ಜೋಡಣೆ ಚಿಹ್ನೆಯ ನಡುವೆ, ಅಗಲವೇ ಇಲ್ಲದ ಒಂದು ಕೂಡುಗುರುತನ್ನು ಒತ್ತಬೇಕು, ಅಷ್ಟೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವ ಹೋಗಿ ಟ್‌ಗೆ ಒತ್ತಾಗದಂತೆ ತಡೆಯುವುದಕ್ಕೂ ಅಂಥದೇ ಅಗೋಚರ ಗುರುತೊಂದಿದೆ. ಅದನ್ನು ಯಾವ ಕೀಲಿಯಲ್ಲಿ ಇಟ್ಟಿದ್ದಾರೆ ಎಂಬುದು ಕೀಲಿಮಣೆಯಿಂದ ಕೀಲಿಮಣೆಗೆ ಬೇರೆ. ಹುಡುಕಬೇಕಾದದ್ದು ಅದನ್ನು.

ಹಾಗಾದರೆ ನಿಜವಾಗಿಯೂ ಇಲ್ಲದ್ದು ಯಾವುದೂ ಇರಲಿಲ್ಲವೇ? ಇತ್ತು. ಫ಼, ಜ಼ ಬರೆಯಲು ಬೇಕಾದ ಅಡಿಚುಕ್ಕೆ ಯೂನಿಕೋಡಿನ ಕನ್ನಡ ಕೇರಿಗೆ ಸೇರಿದ್ದು 2003ರಲ್ಲಿ. ಅವಗ್ರಹ ಚಿಹ್ನೆಯೂ ಆಗಲೇ. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ ಸೇರಿದ್ದು 2021ರಲ್ಲಿ, ಕೇರಿ ಏರ್ಪಟ್ಟು 30 ವರ್ಷದ ಮೇಲೆ. ಇವು ತಾವಾಗಿ ಬಂದವಲ್ಲ. ‘ಇದು ನಮ್ಮಲ್ಲಿತ್ತು, ಇಗೋ ಸಾಕ್ಷಿ’ ಎಂದು ಬರಹದ ಮಾದರಿಗಳೊಂದಿಗೆ ಮನವಿ ಕೊಟ್ಟ ಮೇಲೆ ಬಂದವು. ಇನ್ನು ೞ ಅಕ್ಷರದ ಪಾಡು ನಗು ತರಿಸುವಂಥದು. ‘ಏೞು’ ಎಂದು ನಮ್ಮ ಹಿರಿಯರು ಬರೆಯುತ್ತಿದ್ದ ಆ ಅಕ್ಷರಕ್ಕೆ ಮೊದಲಿನಿಂದ ಮನೆ ಇದೆ. ಆದರೆ ಬಾಗಿಲ ಮೇಲಿನ ಹೆಸರು ತಪ್ಪಾಗಿ ‘ಫ’ ಎಂದು ಬಿದ್ದಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ಆದ್ದರಿಂದ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಬರೆದಿಟ್ಟಿದ್ದಾರೆ. ಶಾಲೆಗೆ ಸೇರಿಸುವಾಗ ತಪ್ಪಾಗಿ ಬರೆಸಿದ ಹೆಸರನ್ನು ಮಗು ಜೀವಮಾನವೆಲ್ಲ ಹೊತ್ತ ಹಾಗೆ. ಹೆಸರು ಹಿಡಿದು ಹುಡುಕಿದವರಿಗೆ ೞ ಸಿಗದೆ ‘ಇಲ್ಲ’ ಎಂದುಕೊಂಡರೆ ಆಶ್ಚರ್ಯವೇನು?

ನಮ್ಮ ಹೆಣ್ಣುಮಕ್ಕಳು ಈಗ ಹಾಸನದಲ್ಲೇ ಎಂಜಿನಿಯರಿಂಗ್ ಓದುತ್ತಾರೆ. 1960ರಲ್ಲಿ ಶುರುವಾದ ಮಲೆನಾಡು ಕಾಲೇಜು ಇರುವ ಊರು ಇದು. ಹಳೆಯ ಶಿಷ್ಯೆಯರು ಮನೆಗೆ ಬಂದರೆ ಪ್ರೋಗ್ರಾಂ ಬರೆಯುವ ‘ವಿಎಸ್ ಕೋಡ್’ನ ಮಾತು. ‘ಎಲ್ಲರ ಲ್ಯಾಪ್‌ಟಾಪಿನಲ್ಲಿ ಬಣ್ಣ ಬಣ್ಣವಾಗಿ ಕಾಣುತ್ತೆ ಮಿಸ್, ನನ್ನದರಲ್ಲಿ ಇಲ್ಲ’ ಎನ್ನುತ್ತಾರೆ. ಅಲ್ಲಿಯೂ ನಮ್ಮ ಫ್ಯೂಸ್ ಸ್ವಿಚ್ಚಿನ ಕ್ರಮವೇ. ಬೇಕಾದ ಎಕ್ಸ್‌ಟೆನ್ಷನ್ ಹಾಕಿದೆಯೇ? ಹಾಕಿದ್ದರೂ ಆರಿಸಿಟ್ಟಿದೆಯೇ? ಹೊಸದಾಗಿ ತೆರೆದ ಕಡತಕ್ಕೆ ‘ನಂಬಿಕೆ’ ಕೊಡದಿದ್ದರೆ 2021ರಿಂದ ಅದು ನಿರ್ಬಂಧದ ಸ್ಥಿತಿಯಲ್ಲೇ ತೆರೆಯುತ್ತದೆ, ಕೆಲವು ಸೌಲಭ್ಯಗಳು ಮಲಗಿರುತ್ತವೆ. ಯಾವ ಎಕ್ಸ್‌ಟೆನ್ಷನ್ ಕಿತಾಪತಿ ಮಾಡುತ್ತಿದೆ ಎಂದು ತಿಳಿಯದಿದ್ದರೆ ಅರ್ಧವನ್ನು ಆರಿಸಿ ನೋಡುವುದು, ಉಳಿದರ್ಧದಲ್ಲಿ ಮತ್ತೆ ಅರ್ಧ. ದೀಪಾವಳಿಯ ಸರಮಾಲೆ ದೀಪದಲ್ಲಿ ಕೆಟ್ಟ ಬಲ್ಬನ್ನು ಹುಡುಕುವ ಹಾಗೆ. ಆ ತಂತ್ರಾಂಶವೇ ಹೀಗೆ ಹುಡುಕಿಕೊಡುವ ಏರ್ಪಾಟನ್ನು ಒಳಗಿಟ್ಟುಕೊಂಡಿದೆ. ಇಷ್ಟು ಹೇಳಿದರೆ ಆ ಹುಡುಗಿಯರ ಮುಖದ ಮೇಲಿನ ‘ನನಗೇ ಬರೋದಿಲ್ಲವೇನೋ’ ಎಂಬ ಅಳುಕು ಇಳಿಯುತ್ತದೆ. ಅದನ್ನು ನೋಡುವುದು ನನಗೆ ಬಹಳ ಸಮಾಧಾನ.

ಅಂಗಡಿಯಲ್ಲಾಗಲಿ, ಕಚೇರಿಯಲ್ಲಾಗಲಿ ಮುಂದಿನ ಸಲ ‘ಬರೋದಿಲ್ಲ ಮೇಡಂ’ ಎಂದಾಗ ಜಗಳ ಬೇಡ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು ಕೇಳಿ: ‘ಫಾಂಟ್ ಬದಲಿಸಿ ನೋಡಿದೆಯೇನಪ್ಪ? ಬೇರೆ ತಂತ್ರಾಂಶದಲ್ಲಿ ಹೇಗೆ ಕಾಣುತ್ತೆ? ಯಾವುದಾದರೂ ಗುರುತು ಹಾಕಬೇಕೇನೋ, ಸೆಟ್ಟಿಂಗ್ಸ್ ತೆಗೆದು ನೋಡೋಣವೇ?’ ಅವನೂ ಬೇಕೆಂದು ಹೇಳಿದ್ದಲ್ಲ. ಅವನಿಗೆ ಯಾರೋ ‘ಇಲ್ಲ’ ಎಂದಿದ್ದರು, ಅವನು ನಮಗೆ ದಾಟಿಸಿದ. ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ. ಲಕ್ಷ್ಮಮ್ಮನ ಎರಡನೆಯ ಒತ್ತು ಕಾಗದದ ಮೇಲೆ ಬಿದ್ದ ಮೇಲೆ ದುಡ್ಡು ಕೊಟ್ಟು ಬನ್ನಿ.