ಕೀಲುಗಳಿಂದ ಬರುವ ಸುದ್ದಿ

1840ರ ದಶಕದಲ್ಲಿ ಬರ್ಲಿನ್ನಿನ ವೈದ್ಯ ಮೋರಿಟ್ಸ್ ರೋಂಬರ್ಗ್ ನರರೋಗಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಸರಳ ಪರೀಕ್ಷೆ ಇದೆ. ರೋಗಿ ನಿಂತುಕೊಳ್ಳಬೇಕು, ಆಮೇಲೆ ಕಣ್ಣು ಮುಚ್ಚಬೇಕು. ಅಷ್ಟೇ. ಬೆನ್ನುಹುರಿ ಸವೆದ ಕೆಲವರು ಕಣ್ಣು ಮುಚ್ಚಿದ ಕೂಡಲೇ ತೂರಾಡಿಬಿಡುತ್ತಿದ್ದರು. ಅವರ ಕಾಲಿನಲ್ಲಿ ಕಸುವು ಇರಲಿಲ್ಲವೆಂದಲ್ಲ. ಬೆನ್ನುಹುರಿಯ ಹಿಂಬದಿಯ ಎಳೆಗಳನ್ನು ರೋಗ ತಿಂದುಹಾಕಿತ್ತು. ಪಾದ, ಮಂಡಿ, ಸೊಂಟದ ಕೀಲುಗಳು ಎಷ್ಟೆಷ್ಟು ಬಾಗಿವೆ ಎಂಬ ಸುದ್ದಿ ಮಿದುಳಿಗೆ ಹೋಗುವುದು ಆ ಎಳೆಗಳ ಮೂಲಕವೇ. ಸುದ್ದಿ ನಿಂತುಹೋದಾಗ ಕಣ್ಣು ಆ ಕೆಲಸವನ್ನು ವಹಿಸಿಕೊಂಡಿತ್ತು. ಬೆಳಿಗ್ಗೆ ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಮುಗ್ಗರಿಸುವುದು ಇಂಥ ರೋಗಿಗಳ ಮಾಮೂಲಿ ಪಾಡು.

ಈ ಕೀಲು-ಸ್ನಾಯುಗಳ ಅರಿವಿಗೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ‘ಪ್ರೊಪ್ರಿಯೊಸೆಪ್ಷನ್’ ಎಂದು ಹೆಸರಿಟ್ಟ. ನಿಂತಿರುವ ಮನುಷ್ಯ ನಿಜಕ್ಕೂ ಅಲ್ಲಾಡದೆ ಇರುವುದೇ ಇಲ್ಲ. ದೇಹ ತುಸು ಮುಂದಕ್ಕೆ ವಾಲಿದರೆ ಮೀನಖಂಡ ಹಿಂದಕ್ಕೆಳೆಯುತ್ತದೆ; ಜೋರಾಗಿ ತಳ್ಳಿದರೆ ಸೊಂಟ ಬಾಗಿ ಸಂಭಾಳಿಸುತ್ತದೆ. ಒಂದು ಕೀಲು ಮಾಡುತ್ತಿರುವುದು ಇನ್ನೊಂದಕ್ಕೆ ತಿಳಿಯದಿದ್ದರೆ ಈ ಹೊಂದಾಣಿಕೆ ಕೆಡುತ್ತದೆ.

ರೋಗದಿಂದ ಸವೆಯುವುದು ಬೇರೆ, ಪೆಟ್ಟಿನಿಂದ ತುಂಡಾಗುವುದು ಬೇರೆ. ಬೆನ್ನುಹುರಿ ಪೂರ್ತಿ ತುಂಡಾದರೆ ಮೇಲಿನಿಂದ ಬರುವ ಅಪ್ಪಣೆಯೂ ಇಲ್ಲ, ಕೆಳಗಿನಿಂದ ಹೋಗುವ ಸುದ್ದಿಯೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡವರಲ್ಲಿ ಬಹುಪಾಲು ಜನ ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳಿಂದ ಬೇಗನೆ ಸತ್ತರು. ಸಮತೋಲನದ ಮಾತೆತ್ತಲು ಮೊದಲು ಬದುಕಿರಬೇಕಲ್ಲ!

ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗವನ್ನು ಶುರುಮಾಡಿದ. ಎರಡೆರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಅವನ ಹಟ ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ್ದು ಅವನ ಕನ್ನಡಿ. ರೋಗಿಗಳನ್ನು ಕನ್ನಡಿಯ ಮುಂದೆ ಕೂರಿಸಿ, ವಾಲಿದ್ದನ್ನು ಕಣ್ಣಿನಿಂದ ಕಂಡು ತಿದ್ದಿಕೊಳ್ಳುವುದನ್ನು ಕಲಿಸುತ್ತಿದ್ದ. ರೋಂಬರ್ಗ್ ಕಂಡದ್ದನ್ನೇ ಇಲ್ಲಿ ತಿರುಗಿಸಿ ಚಿಕಿತ್ಸೆ ಮಾಡಿದಂತಾಯಿತು. ದೇಹದ ರಚನೆಯೂ ಒಂದು ಉಪಕಾರ ಮಾಡಿದೆ. ತೋಳಿನಿಂದ ಹೊರಟು ಬೆನ್ನನ್ನು ಆವರಿಸಿ ಸೊಂಟದ ಎಲುಬಿಗೆ ಅಂಟುವ ಅಗಲವಾದ ಸ್ನಾಯುವೊಂದಿದೆ. ಅದರ ನರ ಬರುವುದು ಕುತ್ತಿಗೆಯ ಭಾಗದಿಂದ. ಎದೆಮಟ್ಟದಲ್ಲಿ ಹುರಿ ತುಂಡಾದರೂ ಆ ಸ್ನಾಯು ಜೀವಂತ. ಸತ್ವ ಕಳೆದುಕೊಂಡ ಸೊಂಟಕ್ಕೂ ಸರಿಯಿರುವ ಮೇಲ್ಭಾಗಕ್ಕೂ ಅದೇ ಸೇತುವೆ. ಬಿಲ್ಲು ಎಳೆಯುವುದು ಮೈಯ ಮೇಲ್ಭಾಗಕ್ಕೆ ಒಳ್ಳೆಯ ವ್ಯಾಯಾಮವೆಂದು ಗುಟ್‌ಮನ್ ಕಂಡುಕೊಂಡ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಅವನ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯ 16 ಜನ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ನಮ್ಮಲ್ಲಿ ಈ ಕಥೆ ವೆಲ್ಲೂರಿನದು. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಎರಡೂ ಕೈ ಸೂಕ್ಷ್ಮ ಕೆಲಸದಲ್ಲಿ ತೊಡಗಿರುವಾಗ ಮೈ ವಾಲದಂತೆ ಕೂರುವುದೂ ಸಣ್ಣ ಸಾಧನೆಯಲ್ಲ. ಮುಂದೆ ಅಲ್ಲಿನ ಪುನರ್ವಸತಿ ವಿಭಾಗವನ್ನು ಕಟ್ಟಿದವರೂ ಅವರೇ.

ಕೂರುವುದು ಹೀಗೆ ಕೈಗೂಡಿತು. ನಿಲ್ಲುವುದು? ಬೆನ್ನುಹುರಿಗೆ ತನ್ನದೇ ಸ್ವಲ್ಪ ಬುದ್ಧಿಯಿದೆ ಎಂದು ಬೆಕ್ಕುಗಳ ಮೇಲಿನ ಪ್ರಯೋಗಗಳು ತೋರಿಸಿದ್ದವು. 1999ರಲ್ಲಿ ಜೇನ್ ಮ್ಯಾಕ್‌ಫರ್ಸನ್ ಮತ್ತು ಜಾಯ್ಸ್ ಫಂಗ್ ಇನ್ನೊಂದು ಪ್ರಶ್ನೆ ಕೇಳಿದರು: ಹುರಿ ತುಂಡಾದ ಬೆಕ್ಕು, ನಿಂತ ಹಲಗೆ ಸರಿದರೆ ಏನು ಮಾಡುತ್ತದೆ? ಪಳಗಿಸಿದ ಬೆಕ್ಕುಗಳು ಹಿಂಗಾಲಿನ ಮೇಲೆ ಭಾರ ಹೊತ್ತವು. ಆದರೆ ಅಕ್ಕಪಕ್ಕಕ್ಕೆ ವಾಲಿದಾಗ ತಾವಾಗಿ ಸರಿಪಡಿಸಿಕೊಳ್ಳಲಾರದೆ ಹೋದವು. ಭಾರ ಹೊರುವುದೇ ಒಂದು, ಬೀಳದಿರುವುದೇ ಇನ್ನೊಂದು ಎಂದಾಯಿತು.

2011ರಲ್ಲಿ ಅಮೆರಿಕದ ಲೂಯಿವಿಲ್‌ನಿಂದ ಬಂದ ವರದಿಯನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಸೂಸನ್ ಹರ್ಕೆಮಾ ತಂಡ ಎದೆಯಿಂದ ಕೆಳಗೆ ಚಲನೆ ಕಳೆದುಕೊಂಡಿದ್ದ 23 ವರ್ಷದ ಯುವಕನ ಸೊಂಟಮಟ್ಟದ ಬೆನ್ನುಹುರಿಯ ಮೇಲೆ 16 ಎಲೆಕ್ಟ್ರೋಡುಗಳ ಪಟ್ಟಿ ಅಳವಡಿಸಿತು. ವಿದ್ಯುತ್ ಹರಿಸಿದಾಗ ಆತ ತನ್ನ ಪೂರ್ತಿ ಭಾರವನ್ನು ಕಾಲುಗಳ ಮೇಲೆ ಹೊತ್ತು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ನಿಂತ. ಪತ್ರಿಕೆಗಳು ಪವಾಡವೆಂದವು. ವರದಿ ಅದಕ್ಕಿಂತ ಪ್ರಾಮಾಣಿಕವಾಗಿತ್ತು. ಭಾರ ಹೊರಲು ಅವನಿಗೆ ಯಾರ ನೆರವೂ ಬೇಕಾಗಲಿಲ್ಲ. ಸಮತೋಲನಕ್ಕೆ ಮಾತ್ರ ಬೇಕಾಗಿತ್ತು.