ಕೊಬ್ಬರಿ ಬೆಲೆ ಬಿದ್ದ ವರ್ಷವೂ ಕುರುಕ್ಷೇತ್ರ

1943ರಲ್ಲಿ ಕಲ್ಕತ್ತದ ಗ್ರ್ಯಾಂಡ್ ಹೋಟೆಲಿನಲ್ಲಿ ಜಾಝ್ ಸಂಗೀತ ಮೊಳಗುತ್ತಿತ್ತು. ವಾದ್ಯವೃಂದದ ನಾಯಕ ಟೆಡ್ಡಿ ವೆದರ್‌ಫೋರ್ಡ್, ಷಿಕಾಗೋದಲ್ಲಿ ಹೆಸರು ಮಾಡಿ ಏಷ್ಯಾಕ್ಕೆ ಬಂದಿದ್ದ ಕಪ್ಪು ಪಿಯಾನೋ ವಾದಕ. ಯುದ್ಧಕ್ಕೆಂದು ಬಂದಿಳಿದ ಸೈನಿಕರೂ ಅವನ ಕೇಳುಗರು. ಅದೇ ವರ್ಷ ಹೊರಗಿನ ಬೀದಿಗಳಲ್ಲಿ ಅನ್ನ ಹುಡುಕಿ ಬಂದ ಹಳ್ಳಿಗರು ಸಾಯುತ್ತಿದ್ದರು. ಬಂಗಾಳದ ಆ ಕ್ಷಾಮಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರೆಂಬ ಅಂದಾಜಿದೆ. 1945ರಲ್ಲಿ ವೆದರ್‌ಫೋರ್ಡ್ ಕೂಡ ಅದೇ ನಗರದಲ್ಲಿ ಕಾಲರಾಕ್ಕೆ ತುತ್ತಾದ.

ಕಷ್ಟಕಾಲದಲ್ಲಿ ಸಂಗೀತ ಸವಿಯುವುದು ತಪ್ಪೇ ಎಂಬ ಪ್ರಶ್ನೆ ಇಂಥ ಕಡೆ ಎದ್ದೇ ಏಳುತ್ತದೆ. ಆದರೆ ಹೋಟೆಲಿಗೆ ಬಾಗಿಲಿತ್ತು. ಕಷ್ಟದಲ್ಲಿರುವವರೇ ಬಾಗಿಲಿಲ್ಲದ ಬಯಲಲ್ಲಿ ಕೂತು ಹಾಡಿದರೆ, ಕೇಳಿದರೆ?

ಹುಳಿಯಾರು ಸೀಮೆಯಲ್ಲಿ ಅದು ನಡೆದುಬಂದಿದೆ. ತುಮಕೂರು ಜಿಲ್ಲೆ ಗುಬ್ಬಿ ಕಂಪನಿಯ ತವರು. 1884ರಲ್ಲಿ ಹುಟ್ಟಿದ ಆ ಕಂಪನಿ ವೀರಣ್ಣನವರ ಕಾಲದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿತು. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಬೆಳೆದದ್ದೂ ಇಂಥ ಕಂಪನಿಗಳಲ್ಲೇ. ಕಂಪನಿಗಳು ಸೊರಗಿದ ಮೇಲೂ ಹಳ್ಳಿಗಳು ಪೌರಾಣಿಕ ನಾಟಕದ ಕೈ ಬಿಡಲಿಲ್ಲ. ಇಲ್ಲಿ ನಟನಿಗೆ ಸಂಬಳವಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ಆ ಹಣದಲ್ಲಿ ಮಾಸ್ಟರಿಗೆ ಸಂಭಾವನೆ, ಸೀನರಿ, ಮೈಕು, ಪಾತ್ರಕ್ಕೆ ಕರೆಸುವ ಕಲಾವಿದೆಯರ ಖರ್ಚು. ನೋಡುವವರಿಗೆ ಟಿಕೆಟ್ಟಿಲ್ಲ. ರಾತ್ರಿ ಶುರುವಾದ ಕಂದ, ವೃತ್ತಗಳು ಬೆಳಗಿನ ಜಾವದವರೆಗೂ ನಡೆಯುತ್ತವೆ. ಇಡೀ ರಾತ್ರಿಯನ್ನು ಹಿಡಿದು ನಿಲ್ಲಿಸುವುದು ಮಾಸ್ಟರ ಹಾರ್ಮೋನಿಯಂ. 1940ರಿಂದ ಮೂರು ದಶಕ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ದನಿಯನ್ನು ದೂರ ಇಟ್ಟಿತ್ತು. ನಮ್ಮ ರಂಗಗಳಲ್ಲಿ ಮಾತ್ರ ಅದೇ ಗುರು.

ಈ ಸೀಮೆ ಸುಖದ ಸೀಮೆಯೇನಲ್ಲ. ಮಳೆ ಕೈಕೊಟ್ಟರೆ ಬೋರ್‌ವೆಲ್ ಬತ್ತುತ್ತದೆ, ತೆಂಗಿನ ಸುಳಿ ಒಣಗುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗಲೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಬೇಕಾಯಿತು. ಅಂಥ ವರ್ಷವೂ ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟುವವರನ್ನು ಕಂಡು 'ಇವರಿಗೇನು ಬಂದಿದೆ' ಎನ್ನುವವರಿದ್ದಾರೆ. ಅವರ ಮಾತೂ ಪೂರ್ತಿ ಸುಳ್ಳಲ್ಲ. ಸಾಲ ಮಾಡಿ ಗದೆ ಹಿಡಿದವರುಂಟು. ದುಡ್ಡಿಲ್ಲದವನಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟ. ಬಯಲಿಗೆ ಬಾಗಿಲಿಲ್ಲದಿದ್ದರೂ ರಂಗಕ್ಕೆ ಒಂದು ಮೆಟ್ಟಿಲಂತೂ ಇದೆ.

ಆದರೂ ತಿಂಗಳುಗಟ್ಟಲೆ ಸಂಜೆ ತಾಲೀಮಿಗೆ ಸೇರುವವರಿಗೆ ಅದು ಬರೀ ಮೋಜಲ್ಲ. ಹಗಲೆಲ್ಲ ಸಾಲ, ಬೆಲೆ, ಮಳೆಯ ಲೆಕ್ಕದಲ್ಲಿ ಒಬ್ಬೊಬ್ಬರೇ ಬೇಯುವವರು ರಾತ್ರಿ ಒಂದೇ ಶ್ರುತಿಗೆ ಗಂಟಲು ಸೇರಿಸುತ್ತಾರೆ. ಚೆನ್ನಾಗಿ ಹಾಡಿದವನಿಗೆ ಜನರಿಂದ 'ಒನ್ಸ್ ಮೋರ್' ಬೀಳುತ್ತದೆ. ಮಾರುಕಟ್ಟೆಯಲ್ಲಿ ಅವನ ಬೆವರಿಗೆ ಸಿಗದ ಮರ್ಯಾದೆ ಅದು.

ಈ ನಾಟಕಗಳನ್ನು ಬರ ನಿಲ್ಲಿಸಲಿಲ್ಲ, ಬೆಲೆ ಕುಸಿತವೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಕೊರೊನಾ. 2020ರ ಮಾರ್ಚ್ 25, ಯುಗಾದಿಯ ದಿನವೇ ದೇಶಕ್ಕೆ ಬೀಗ ಬಿತ್ತು. ಜಾತ್ರೆ, ನಾಟಕದ ಕಾಲವೂ ಅದೇ. ಮೊಬೈಲಿನಲ್ಲಿ ಹಾಡಿಗೇನೂ ಕೊರತೆಯಿರಲಿಲ್ಲ. ಪಕ್ಕದಲ್ಲಿ ಕೂತು ತಲೆದೂಗುವವರು ಇರಲಿಲ್ಲ. ದುಡ್ಡಿಲ್ಲದ ಕಾಲವನ್ನು ಈ ಸಂಗೀತ ತಾಳಿಕೊಂಡಿತ್ತು. ಜನ ಕೂಡಬಾರದ ಕಾಲವನ್ನು ತಾಳಲು ಅದಕ್ಕೆ ಬರುತ್ತಿರಲಿಲ್ಲ.